ಮನೆಯಿಂದ ನಿಲ್ದಾಣಕ್ಕೆ, ನಿಲ್ದಾಣದಿಂದ ಕೆಲಸಕ್ಕೆ: ದಿನನಿತ್ಯದ ಪ್ರಯಾಣದಲ್ಲಿ ವಿದ್ಯುತ್ ವಾಹನ ಮತ್ತು ರೈಲು

ತುಮಕೂರು ಜಿಲ್ಲೆಯ ಹಳ್ಳಿಗಳಿಂದ ಪ್ರತಿದಿನ ಬೆಳಗ್ಗೆ ವಿದ್ಯಾರ್ಥಿಗಳು, ಕಾರ್ಖಾನೆಯ ಕಾರ್ಮಿಕರು, ಸಿದ್ಧ ಉಡುಪು ಘಟಕಗಳ ಮಹಿಳೆಯರು, ಸರ್ಕಾರಿ ಮತ್ತು ಖಾಸಗಿ ನೌಕರರು ತುಮಕೂರು ನಗರಕ್ಕೆ ಅಥವಾ ಬೆಂಗಳೂರಿಗೆ ಹೊರಡುತ್ತಾರೆ. ಅವರ ತಿಂಗಳ ಸಂಪಾದನೆಯಲ್ಲಿ ಗಣನೀಯ ಪಾಲು ಪ್ರಯಾಣಕ್ಕೇ ವ್ಯಯವಾಗುತ್ತದೆ. ಪೆಟ್ರೋಲ್ ಬೆಲೆ ಏರಿರುವ ಈ ದಿನಗಳಲ್ಲಿ ವಿದ್ಯುತ್ ಚಾಲಿತ ದ್ವಿಚಕ್ರ ವಾಹನವನ್ನು ಕೊಳ್ಳುವ ಆಲೋಚನೆ ಅನೇಕ ಕುಟುಂಬಗಳಲ್ಲಿ ನಡೆದಿದೆ. ಆದರೆ ಈ ವಾಹನದಿಂದ ಎಲ್ಲರಿಗೂ ಒಂದೇ ಪ್ರಮಾಣದ ಲಾಭವಿಲ್ಲ. ಪ್ರತಿದಿನ ಕ್ರಮಿಸುವ ದೂರವೆಷ್ಟು, ಚಾರ್ಜ್ ಮಾಡುವುದು ಎಲ್ಲಿ, ದೂರದ ಭಾಗಕ್ಕೆ ರೈಲು ದೊರೆಯುತ್ತದೆಯೇ ಎಂಬ ಮೂರು ಸಂಗತಿಗಳ ಮೇಲೆ ಲಾಭ ನಷ್ಟ ನಿರ್ಧಾರವಾಗುತ್ತದೆ. ಈ ಮೂರನ್ನೂ ಸರಳವಾಗಿ ವಿವರಿಸುವುದು ಈ ಲೇಖನದ ಉದ್ದೇಶ.

ದೂರದ ಪ್ರಯಾಣಕ್ಕೆ ರೈಲು

ತುಮಕೂರಿನಿಂದ ಬೆಂಗಳೂರಿಗೆ ಸುಮಾರು 70 ಕಿ.ಮೀ. ದೂರವಿದೆ. ಇಷ್ಟು ದೂರವನ್ನು ದ್ವಿಚಕ್ರ ವಾಹನದಲ್ಲಿ ಪ್ರತಿದಿನ ಹೋಗಿಬರುವುದೆಂದರೆ 140 ಕಿ.ಮೀ. ಲೀಟರಿಗೆ 45 ಕಿ.ಮೀ. ಓಡುವ ಪೆಟ್ರೋಲ್ ಸ್ಕೂಟರಿಗೆ ದಿನಕ್ಕೆ ಮೂರು ಲೀಟರಿಗೂ ಹೆಚ್ಚು ಇಂಧನ ಬೇಕು. ವಿದ್ಯುತ್ ಸ್ಕೂಟರುಗಳಲ್ಲಿ ಹೆಚ್ಚಿನವು ಒಂದು ಚಾರ್ಜಿನಲ್ಲಿ ಇಷ್ಟು ದೂರವನ್ನು ಕ್ರಮಿಸಲಾರವು. ಇದಕ್ಕಿಂತ ಮುಖ್ಯವಾಗಿ, ರಾಷ್ಟ್ರೀಯ ಹೆದ್ದಾರಿಯಲ್ಲಿ ಭಾರಿ ಲಾರಿಗಳ ನಡುವೆ ಪ್ರತಿನಿತ್ಯ ಸಾಗುವ ಅಪಾಯವನ್ನು ಯಾವ ಲೆಕ್ಕದಲ್ಲಿಯೂ ಸೇರಿಸಲು ಸಾಧ್ಯವಿಲ್ಲ.

ಇಂಥ ದೂರಕ್ಕೆ ರೈಲು ಎಲ್ಲ ರೀತಿಯಿಂದಲೂ ಯೋಗ್ಯವಾದ ಸಾಧನ. ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರ ಉರುಳುವಾಗ ಉಂಟಾಗುವ ಪ್ರತಿರೋಧ, ಡಾಂಬರು ರಸ್ತೆಯ ಮೇಲೆ ರಬ್ಬರ್ ಟೈರು ಉರುಳುವಾಗ ಆಗುವುದಕ್ಕಿಂತ ಬಹಳ ಕಡಿಮೆ. ಆದುದರಿಂದ ಒಬ್ಬ ಪ್ರಯಾಣಿಕನನ್ನು ಒಂದು ಕಿಲೋಮೀಟರ್ ಒಯ್ಯಲು ತುಂಬಿದ ರೈಲಿಗೆ ಬೇಕಾಗುವ ಶಕ್ತಿ ಅತ್ಯಲ್ಪ. ಭಾರತದಲ್ಲಿ ವಿದ್ಯುತ್ ರೈಲು ಮೊದಲ ಬಾರಿಗೆ 1925ರ ಫೆಬ್ರವರಿ 3ರಂದು ಮುಂಬಯಿಯಲ್ಲಿ ಓಡಿತು. ಇಂದು ಬೆಂಗಳೂರು–ತುಮಕೂರು ಮಾರ್ಗ ಜೋಡಿ ಹಳಿಯಾಗಿದ್ದು, ವಿದ್ಯುದೀಕರಣಗೊಂಡಿದೆ. ಹಳಿಯ ಮೇಲಿನ ತಂತಿಯಲ್ಲಿ 25,000 ವೋಲ್ಟಿನ ವಿದ್ಯುತ್ ಹರಿಯುತ್ತದೆ.

ಈ ಮಾರ್ಗದಲ್ಲಿ ಸಂಚರಿಸುವ ಮೆಮು ರೈಲುಗಳ ರಚನೆಯನ್ನು ತಿಳಿಯುವುದು ಉಪಯುಕ್ತ. ಸಾಮಾನ್ಯ ರೈಲಿನಲ್ಲಿ ಮುಂದಿರುವ ಒಂದು ಎಂಜಿನ್ ಎಲ್ಲ ಬೋಗಿಗಳನ್ನೂ ಎಳೆಯುತ್ತದೆ. ಮೆಮುವಿನಲ್ಲಿ ಪ್ರತ್ಯೇಕ ಎಂಜಿನ್ ಇರುವುದಿಲ್ಲ. ಕೆಲವು ಬೋಗಿಗಳಲ್ಲಿಯೇ ಮೋಟಾರುಗಳನ್ನು ಅಳವಡಿಸಲಾಗಿರುತ್ತದೆ. ಇದರಿಂದ ರೈಲು ಬೇಗ ವೇಗ ಪಡೆಯುತ್ತದೆ ಮತ್ತು ಬೇಗ ನಿಲ್ಲುತ್ತದೆ. ಎರಡೂ ತುದಿಗಳಲ್ಲಿ ಚಾಲಕನ ಕೊಠಡಿ ಇರುವುದರಿಂದ ಕೊನೆಯ ನಿಲ್ದಾಣದಲ್ಲಿ ಎಂಜಿನ್ ಬದಲಿಸುವ ಕೆಲಸವಿಲ್ಲ. ಕ್ಯಾತ್ಸಂದ್ರ, ಹಿರೇಹಳ್ಳಿ, ದಾಬಸ್‌ಪೇಟೆ, ನಿಡವಂದ, ಮುದ್ದಲಿಂಗನಹಳ್ಳಿ, ದೊಡ್ಡಬೆಲೆಗಳಂಥ ಸಣ್ಣ ನಿಲ್ದಾಣಗಳು ಹತ್ತಿರ ಹತ್ತಿರ ಇರುವ ಮಾರ್ಗಕ್ಕೆ ಈ ರಚನೆ ಹೇಳಿ ಮಾಡಿಸಿದಂತಿದೆ. ಹೊಸ ಮಾದರಿಯ ಮೆಮುಗಳು ಬ್ರೇಕ್ ಹಾಕಿದಾಗ ಮೋಟಾರುಗಳೇ ವಿದ್ಯುತ್ ಉತ್ಪಾದಿಸಿ ತಂತಿಗೆ ಹಿಂದಿರುಗಿಸುತ್ತವೆ.

ಪ್ರತಿದಿನ ಸಂಚರಿಸುವವರು ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ತಿಂಗಳ ಅಥವಾ ಮೂರು ತಿಂಗಳ ಸೀಸನ್ ಟಿಕೆಟ್ ಪಡೆಯಬಹುದು. ಪ್ರತಿದಿನ ಬಿಡಿ ಟಿಕೆಟ್ ಕೊಳ್ಳುವುದಕ್ಕಿಂತ ಇದು ಬಹಳ ಅಗ್ಗ. ಸೀಸನ್ ಟಿಕೆಟ್ ಹೊಂದಿದವರು ಕಾಯ್ದಿರಿಸಿದ ಬೋಗಿಗಳಲ್ಲಿ ಪ್ರಯಾಣಿಸುವಂತಿಲ್ಲ. ಯಶವಂತಪುರದಲ್ಲಿ ಇಳಿದವರಿಗೆ ಸಮೀಪದಲ್ಲಿಯೇ ನಮ್ಮ ಮೆಟ್ರೋದ ಹಸಿರು ಮಾರ್ಗದ ನಿಲ್ದಾಣವಿದ್ದು, ಅಲ್ಲಿಂದ ಪೀಣ್ಯ ಕೈಗಾರಿಕಾ ಪ್ರದೇಶದ ಕಡೆಗಾಗಲಿ ಮೆಜೆಸ್ಟಿಕ್ ಕಡೆಗಾಗಲಿ ಮುಂದುವರಿಯಬಹುದು.

ರೈಲು ಎಲ್ಲ ತಾಲ್ಲೂಕುಗಳಿಗೂ ತಲುಪಿಲ್ಲ ಎಂಬುದೂ ಸತ್ಯ. ಗುಬ್ಬಿ, ತಿಪಟೂರುಗಳು ಹುಬ್ಬಳ್ಳಿ ಕಡೆಯ ಮಾರ್ಗದಲ್ಲಿವೆ. ಕುಣಿಗಲ್ ಹಾಸನ ಮಾರ್ಗದಲ್ಲಿದೆ. ಪಾವಗಡ, ಮಧುಗಿರಿ, ಕೊರಟಗೆರೆಗಳನ್ನು ಜೋಡಿಸುವ ರಾಯದುರ್ಗ–ತುಮಕೂರು ಮಾರ್ಗ ಹಾಗೂ ಶಿರಾ ಮೂಲಕ ಸಾಗುವ ದಾವಣಗೆರೆ–ತುಮಕೂರು ಮಾರ್ಗ ಪೂರ್ಣಗೊಳ್ಳುವವರೆಗೆ ಅಲ್ಲಿನ ಜನರಿಗೆ ಸಾರಿಗೆ ಸಂಸ್ಥೆಯ ಬಸ್ಸೇ ಆಧಾರ. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಡಿ ಸಾಮಾನ್ಯ ಬಸ್ಸುಗಳಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣವಿರುವುದರಿಂದ, ಅನುಕೂಲಕರ ವೇಳೆಗೆ ಬಸ್ ದೊರೆಯುವ ಮಹಿಳೆಯರು ಸಾಲ ಮಾಡಿ ವಾಹನ ಕೊಳ್ಳುವ ಮುನ್ನ ಅದನ್ನು ಗಣನೆಗೆ ತೆಗೆದುಕೊಳ್ಳುವುದು ಒಳಿತು.

ನಿಲ್ದಾಣದವರೆಗಿನ ಹಾದಿ ಮತ್ತು ವಿದ್ಯುತ್ ಸ್ಕೂಟರ್

ರೈಲು ಎಷ್ಟೇ ಅಗ್ಗವಾಗಿದ್ದರೂ, ಹಳ್ಳಿಯಿಂದ ನಿಲ್ದಾಣ ತಲುಪುವ ದಾರಿ ಇಲ್ಲದಿದ್ದರೆ ಅದರಿಂದ ಪ್ರಯೋಜನವಿಲ್ಲ. ವಿದ್ಯುತ್ ವಾಹನ ನಿಜವಾಗಿ ಉಪಯೋಗಕ್ಕೆ ಬರುವುದು ಈ ಹಾದಿಯಲ್ಲಿಯೇ. ಎರಡು ಉದಾಹರಣೆಗಳಿಂದ ಇದನ್ನು ಲೆಕ್ಕ ಹಾಕಬಹುದು. ಪೆಟ್ರೋಲ್ ಲೀಟರಿಗೆ 100 ರೂಪಾಯಿ, ವಿದ್ಯುತ್ ಯೂನಿಟ್ಟಿಗೆ 6 ರೂಪಾಯಿ, ತಿಂಗಳಿಗೆ 25 ದಿನದ ಪ್ರಯಾಣ ಎಂದು ಇಲ್ಲಿ ಹಿಡಿಯಲಾಗಿದೆ.

ಮೊದಲನೆಯದು, ನಿಲ್ದಾಣದಿಂದ 15 ಕಿ.ಮೀ. ದೂರದ ಹಳ್ಳಿ. ದಿನಕ್ಕೆ 30 ಕಿ.ಮೀ., ತಿಂಗಳಿಗೆ 750 ಕಿ.ಮೀ. ಪೆಟ್ರೋಲ್ ಸ್ಕೂಟರಿಗೆ ಸುಮಾರು 1,650 ರೂಪಾಯಿ ತಗಲುತ್ತದೆ. ವಿದ್ಯುತ್ ಸ್ಕೂಟರ್ 100 ಕಿ.ಮೀ.ಗೆ ಸುಮಾರು 3 ಯೂನಿಟ್ ಬಳಸುತ್ತದೆ; ಚಾರ್ಜ್ ಮಾಡುವಾಗ ನಷ್ಟವಾಗುವುದನ್ನೂ ಸೇರಿಸಿದರೆ ತಿಂಗಳಿಗೆ 25 ಯೂನಿಟ್, ಅಂದರೆ 150 ರೂಪಾಯಿ. ಉಳಿತಾಯ 1,500 ರೂಪಾಯಿ. ಎರಡು ವಾಹನಗಳ ಬೆಲೆಯಲ್ಲಿ 30,000 ರೂಪಾಯಿ ವ್ಯತ್ಯಾಸವಿದ್ದರೆ 20 ತಿಂಗಳಲ್ಲಿ ಅದು ಸರಿಹೋಗುತ್ತದೆ.

ಎರಡನೆಯದು, ನಿಲ್ದಾಣದಿಂದ 3 ಕಿ.ಮೀ. ದೂರದ ಹಳ್ಳಿ. ದಿನಕ್ಕೆ 6 ಕಿ.ಮೀ., ತಿಂಗಳಿಗೆ 150 ಕಿ.ಮೀ. ಪೆಟ್ರೋಲಿಗೆ ಸುಮಾರು 330 ರೂಪಾಯಿ, ವಿದ್ಯುತ್ತಿಗೆ 30 ರೂಪಾಯಿ. ಉಳಿತಾಯ 300 ರೂಪಾಯಿ ಮಾತ್ರ. ಅದೇ 30,000 ರೂಪಾಯಿ ಸರಿಹೋಗಲು 100 ತಿಂಗಳು, ಎಂದರೆ ಎಂಟು ವರ್ಷಕ್ಕೂ ಮೇಲೆ ಬೇಕು. ಅಷ್ಟರಲ್ಲಿ ಬ್ಯಾಟರಿಯ ಖಾತರಿ ಅವಧಿಯೂ ಮುಗಿಯಬಹುದು. ಇಂಥವರಿಗೆ ಸೈಕಲ್, ಇಲ್ಲವೇ ಹಲವರು ಸೇರಿ ಬಳಸುವ ವಿದ್ಯುತ್ ಆಟೋ ಹೆಚ್ಚು ಸೂಕ್ತ. ಹೆಚ್ಚು ಓಡಿದಷ್ಟೂ ವಿದ್ಯುತ್ ವಾಹನದಿಂದ ಹೆಚ್ಚು ಉಳಿತಾಯ. ಮನೆಯ ಮುಂದೆ ನಿಂತ ವಾಹನದಿಂದ ಉಳಿತಾಯವಿಲ್ಲ.

ಗೃಹಜ್ಯೋತಿ ಫಲಾನುಭವಿಗಳು ಗಮನಿಸಬೇಕಾದ ಅಂಶ

ವಾಹನ ಮಾರುವವರು ಸಾಮಾನ್ಯವಾಗಿ ಹೇಳದ ಒಂದು ಲೆಕ್ಕವಿದೆ. ಗೃಹಜ್ಯೋತಿ ಯೋಜನೆಯಲ್ಲಿ ಪ್ರತಿ ಮನೆಯ ಹಿಂದಿನ ಸರಾಸರಿ ಬಳಕೆಯ ಮೇಲೆ ಶೇ. 10ರಷ್ಟು ಸೇರಿಸಿ ಉಚಿತ ಮಿತಿಯನ್ನು ನಿಗದಿಪಡಿಸಲಾಗಿದೆ. ಸರಾಸರಿ ಬಳಕೆ 48 ಯೂನಿಟ್‌ಗಿಂತ ಕಡಿಮೆ ಇರುವ ಮನೆಗಳಿಗೆ ಶೇ. 10ರ ಬದಲು 10 ಯೂನಿಟ್ ಹೆಚ್ಚುವರಿಯಾಗಿ ದೊರೆಯುತ್ತದೆ. ಮಿತಿಯನ್ನು ಮೀರಿ 200 ಯೂನಿಟ್ ಒಳಗೆ ಬಳಸಿದರೆ ಹೆಚ್ಚಾದ ಯೂನಿಟ್ಟುಗಳಿಗೆ ಮಾತ್ರ ಹಣ ಪಾವತಿಸಬೇಕು. 200 ಯೂನಿಟ್ ಮೀರಿದರೆ ಆ ತಿಂಗಳ ಪೂರ್ಣ ಬಿಲ್ಲನ್ನು ಪಾವತಿಸಬೇಕು.

ಸರಾಸರಿ 50 ಯೂನಿಟ್ ಬಳಸುವ ಮನೆಯ ಉಚಿತ ಮಿತಿ 55. ಸ್ಕೂಟರಿನ 25 ಯೂನಿಟ್ ಸೇರಿದರೆ ಬಳಕೆ 75 ಆಗುತ್ತದೆ. 20 ಯೂನಿಟ್ಟಿಗೆ ಸುಮಾರು 120 ರೂಪಾಯಿ ಕಟ್ಟಬೇಕು. ಇದು ದೊಡ್ಡ ಹೊರೆಯಲ್ಲ. ಆದರೆ 180 ಯೂನಿಟ್ ಬಳಸುವ ಮನೆಯಲ್ಲಿ ಅದೇ 25 ಯೂನಿಟ್ ಸೇರಿದರೆ 205 ಆಗುತ್ತದೆ. ಅಲ್ಲಿಯವರೆಗೆ ಏನನ್ನೂ ಕಟ್ಟದ ಮನೆಗೆ 1,200 ರೂಪಾಯಿಗೂ ಮೇಲ್ಪಟ್ಟ ಬಿಲ್ಲು ಬರುತ್ತದೆ. ನಿಗದಿತ ಶುಲ್ಕ ಅದಕ್ಕೆ ಹೆಚ್ಚುವರಿ. ಪೆಟ್ರೋಲಿನಲ್ಲಿ ಉಳಿದ ಹಣದ ಬಹುಪಾಲು ಅಲ್ಲಿಯೇ ಕರಗಿಹೋಗುತ್ತದೆ. ಆದುದರಿಂದ ವಾಹನ ಕೊಳ್ಳುವ ಮೊದಲು ಕಳೆದ ಹನ್ನೆರಡು ತಿಂಗಳ ಬೆಸ್ಕಾಂ ಬಿಲ್ಲುಗಳನ್ನು ತೆಗೆದು ನೋಡುವುದು ಅವಶ್ಯ.

ಹಗಲಿನ ಬಿಸಿಲು, ನಿಂತ ವಾಹನ

ಇದಕ್ಕೆ ಪರಿಹಾರ ಜಿಲ್ಲೆಯಲ್ಲಿಯೇ ಇದೆ. ಪಾವಗಡ ತಾಲ್ಲೂಕಿನ ತಿರುಮಣಿ, ವಳ್ಳೂರು ಮುಂತಾದ ಐದು ಗ್ರಾಮಗಳ ವ್ಯಾಪ್ತಿಯಲ್ಲಿ, ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆ ಭೂಮಿಯಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ವಿದ್ಯುತ್ ಪಾರ್ಕ್ ಇದೆ. ಅಲ್ಲಿ ವಿದ್ಯುತ್ ಉತ್ಪತ್ತಿಯಾಗುವುದು ಹಗಲಿನಲ್ಲಿ. ಸಂಜೆ ಮನೆಗಳ ಬೇಡಿಕೆ ಏರುವ ಹೊತ್ತಿಗೆ ಬಿಸಿಲು ಇಳಿದಿರುತ್ತದೆ. ಆಗ ರಾಯಚೂರು, ಬಳ್ಳಾರಿಗಳ ಕಲ್ಲಿದ್ದಲು ಸ್ಥಾವರಗಳ ಮೇಲೆ ಹಾಗೂ ಜಲವಿದ್ಯುತ್ತಿನ ಮೇಲೆ ಒತ್ತಡ ಬೀಳುತ್ತದೆ.

ರೈಲು ಪ್ರಯಾಣಿಕನ ಸ್ಕೂಟರ್ ನಿಲ್ದಾಣದ ಬಳಿ ಬೆಳಗ್ಗೆಯಿಂದ ಸಂಜೆಯವರೆಗೆ, ಎಂದರೆ ಸರಿಯಾಗಿ ಸೌರ ವಿದ್ಯುತ್ ಹೇರಳವಾಗಿರುವ ವೇಳೆಯಲ್ಲಿ, ಸುಮ್ಮನೆ ನಿಂತಿರುತ್ತದೆ. 30 ಕಿ.ಮೀ. ಓಡಿದ ವಾಹನಕ್ಕೆ ಬೇಕಾಗುವುದು ಒಂದು ಯೂನಿಟ್ ಮಾತ್ರ. ಸಾಮಾನ್ಯ ಚಾರ್ಜರಿನಲ್ಲಿ ಎರಡು ಮೂರು ಗಂಟೆ ಸಾಕು. ದುಬಾರಿ ವೇಗದ ಚಾರ್ಜರುಗಳ ಅಗತ್ಯವಿಲ್ಲ. ನೆರಳಿರುವ ವಾಹನ ನಿಲುಗಡೆ, ಅರ್ಥಿಂಗ್ ಇರುವ 16 ಆಂಪಿಯರ್ ಸಾಕೆಟ್ಟುಗಳು, ಪ್ರತ್ಯೇಕ ಮೀಟರ್ ಮತ್ತು ಕಾವಲು ಇದ್ದರೆ ಸಾಕು. ಮನೆಯ ಉಚಿತ ಮಿತಿಯೂ ಇದರಿಂದ ಮೀರುವುದಿಲ್ಲ.

ಮನೆಯಲ್ಲಿ ಚಾರ್ಜ್ ಮಾಡುವಾಗ ಎಚ್ಚರ

ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತಿದರೆ ಅದನ್ನು ನಂದಿಸುವುದು ಕಷ್ಟ; ಹೊರಬರುವ ಹೊಗೆ ವಿಷಕಾರಿ. ಹಳೆಯ ವೈರಿಂಗ್ ಇರುವ ಮನೆಗಳಲ್ಲಿ ಈ ಕೆಳಗಿನ ಕ್ರಮಗಳು ಜೀವರಕ್ಷಕವಾಗಿವೆ.

1. ಬಾಗಿಲಿನ ಬಳಿ, ಮೆಟ್ಟಿಲಿನ ಕೆಳಗೆ ಅಥವಾ ಮಲಗುವ ಕೋಣೆಯಲ್ಲಿ ಚಾರ್ಜ್ ಮಾಡಬಾರದು. ಬೆಂಕಿ ಕಾಣಿಸಿಕೊಂಡರೆ ಹೊರಬರುವ ದಾರಿ ಮುಚ್ಚಿಹೋಗಬಾರದು.
2. ಎಲ್ಲರೂ ಮಲಗಿದ ನಂತರ ಚಾರ್ಜಿಗೆ ಹಾಕಿಡಬಾರದು.
3. ಅರ್ಥಿಂಗ್ ಇರುವ 16 ಆಂಪಿಯರ್ ಸಾಕೆಟ್ಟನ್ನೇ ಬಳಸಬೇಕು. ಎಕ್ಸ್‌ಟೆನ್ಷನ್ ಬಾಕ್ಸ್ ಬಳಸಬಾರದು.
4. ಬಿಸಿಲಿನಲ್ಲಿ ಓಡಿಸಿ ತಂದ ಬ್ಯಾಟರಿ ತಣ್ಣಗಾದ ನಂತರವೇ ಚಾರ್ಜಿಗೆ ಹಾಕಬೇಕು.
5. ವಾಹನದೊಂದಿಗೆ ಬಂದ ಚಾರ್ಜರನ್ನು ಮಾತ್ರ ಬಳಸಬೇಕು.
6. ಉಬ್ಬಿದ, ಪೆಟ್ಟುಬಿದ್ದ ಅಥವಾ ನೀರಿನಲ್ಲಿ ಮುಳುಗಿದ ಬ್ಯಾಟರಿಯನ್ನು ಚಾರ್ಜ್ ಮಾಡದೆ ಅಧಿಕೃತ ಸೇವಾ ಕೇಂದ್ರಕ್ಕೆ ತೋರಿಸಬೇಕು.

ಕೊಳ್ಳುವಾಗ ಬ್ಯಾಟರಿ ಎಐಎಸ್-156 ಸುರಕ್ಷತಾ ಮಾನದಂಡಕ್ಕೆ ಒಳಪಟ್ಟಿದೆಯೇ ಎಂದು ಲಿಖಿತವಾಗಿ ಕೇಳಿ ತಿಳಿಯಬೇಕು. 250 ವ್ಯಾಟ್‌ಗಿಂತ ಕಡಿಮೆ ಸಾಮರ್ಥ್ಯದ ಮೋಟಾರ್ ಹೊಂದಿದ್ದು, ಗಂಟೆಗೆ 25 ಕಿ.ಮೀ. ವೇಗ ಮೀರದ ವಾಹನಗಳಿಗೆ ಮಾತ್ರ ನೋಂದಣಿ ಮತ್ತು ಚಾಲನಾ ಪರವಾನಗಿಯಿಂದ ವಿನಾಯಿತಿ ಇದೆ. ಅಂಥ ವಾಹನದ ವೇಗವನ್ನು ಮಾರ್ಪಡಿಸಿ ಹೆಚ್ಚಿಸಿದರೆ ವಿನಾಯಿತಿ ಅನ್ವಯಿಸುವುದಿಲ್ಲ. ಉಳಿದೆಲ್ಲ ವಿದ್ಯುತ್ ಸ್ಕೂಟರುಗಳಿಗೆ ಹಸಿರು ನಾಮಫಲಕ, ವಿಮೆ, ಪರವಾನಗಿ, ಹೆಲ್ಮೆಟ್ ಕಡ್ಡಾಯ. ಹಳೆಯ ಬ್ಯಾಟರಿಯನ್ನು ಗುಜರಿಗೆ ಮಾರದೆ ಮಾರಾಟಗಾರರಿಗೆ ಹಿಂದಿರುಗಿಸಬೇಕು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಅದರ ವಿಲೇವಾರಿಯ ಹೊಣೆ ಉತ್ಪಾದಕರದು.

ಗ್ರಾಮ ಪಂಚಾಯಿತಿಗಳ ಪಾತ್ರ

ರೈಲಿನ ವೇಳಾಪಟ್ಟಿಯನ್ನು ನಿರ್ಧರಿಸುವುದು ಗ್ರಾಮ ಪಂಚಾಯಿತಿಯ ಕೈಯಲ್ಲಿಲ್ಲ. ಆದರೆ ನಿಲ್ದಾಣದವರೆಗಿನ ಹಾದಿಯ ಬಹುಪಾಲು ಪಂಚಾಯಿತಿಯ ವ್ಯಾಪ್ತಿಯಲ್ಲಿಯೇ ಇದೆ. ಮುಂಜಾನೆ ಮತ್ತು ರಾತ್ರಿ ಆ ರಸ್ತೆಯಲ್ಲಿ ಬೀದಿದೀಪ ಉರಿಯುತ್ತಿದೆಯೇ, ಮಳೆಗಾಲದಲ್ಲಿ ಮೋರಿಯ ನೀರು ರಸ್ತೆಗೆ ಹರಿಯುತ್ತದೆಯೇ, ಮಹಿಳೆಯರು ನಿರ್ಭಯವಾಗಿ ಸಂಚರಿಸಬಹುದೇ ಎಂಬ ಪ್ರಶ್ನೆಗಳನ್ನು ಗ್ರಾಮ ಸಭೆಯಲ್ಲಿ ಚರ್ಚಿಸಿ ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆಯಲ್ಲಿ ಸೇರಿಸಬಹುದು. ಪ್ರತಿ ವಾರ್ಡಿನಿಂದ ಎಷ್ಟು ಜನ ಯಾವ ವೇಳೆಗೆ ಎಲ್ಲಿಗೆ ಹೋಗುತ್ತಾರೆ ಎಂಬ ಸರಳ ಪಟ್ಟಿ ತಯಾರಾದರೆ, ರೈಲ್ವೆ ಹಾಗೂ ಸಾರಿಗೆ ಸಂಸ್ಥೆಗೆ ಸಲ್ಲಿಸುವ ಮನವಿಗೆ ಬಲ ಬರುತ್ತದೆ. ನಿಲ್ದಾಣಕ್ಕೆ ಸಮೀಪದ ಪಂಚಾಯಿತಿ ಕಟ್ಟಡದ ಆವರಣದಲ್ಲಿ ವಾಹನ ನಿಲುಗಡೆ ಮತ್ತು ಚಾರ್ಜಿಂಗ್ ವ್ಯವಸ್ಥೆಯ ಸಾಧ್ಯತೆಯನ್ನು ಬೆಸ್ಕಾಂ ಅಧಿಕಾರಿಗಳೊಂದಿಗೆ ಪರಿಶೀಲಿಸಬಹುದು.

ಸ್ವಚ್ಛ ವಾಹಿನಿಗಳನ್ನು ಸ್ವಸಹಾಯ ಗುಂಪುಗಳ ಮಹಿಳೆಯರು ಚಲಾಯಿಸುತ್ತಿರುವುದನ್ನು ರಾಜ್ಯದ ಅನೇಕ ಗ್ರಾಮಗಳು ಕಂಡಿವೆ. ಅದೇ ಕೌಶಲ ಹಳ್ಳಿ ಮತ್ತು ನಿಲ್ದಾಣದ ನಡುವೆ ರೈಲಿನ ವೇಳೆಗೆ ಓಡುವ ವಿದ್ಯುತ್ ಆಟೋಗಳಿಗೂ ಒದಗಬಲ್ಲದು. ಇದಕ್ಕೆ ಬೇಕಾದ ನೋಂದಣಿ, ವಿಮೆ ಮತ್ತು ಪರವಾನಗಿಯ ವಿವರಗಳನ್ನು ಪ್ರಾದೇಶಿಕ ಸಾರಿಗೆ ಕಚೇರಿಯಿಂದ ಮೊದಲೇ ತಿಳಿದುಕೊಳ್ಳತಕ್ಕದ್ದು.

ದಿನನಿತ್ಯದ ಪ್ರಯಾಣದಲ್ಲಿ ಉಳಿಯುವ ಸಾವಿರ, ಸಾವಿರದೈನೂರು ರೂಪಾಯಿ ಒಂದು ಕುಟುಂಬಕ್ಕೆ ಮಕ್ಕಳ ಶಾಲೆಯ ಖರ್ಚು ಅಥವಾ ತಿಂಗಳ ದಿನಸಿ ಆಗಬಲ್ಲದು. ದೂರಕ್ಕೆ ರೈಲು, ಹತ್ತಿರಕ್ಕೆ ಸೈಕಲ್ ಅಥವಾ ಹಂಚಿಕೊಂಡ ಆಟೋ, ನಡುವಿನ ದೂರಕ್ಕೆ ವಿದ್ಯುತ್ ಸ್ಕೂಟರ್ ಎಂಬ ವಿಂಗಡಣೆಯನ್ನು ನೆನಪಿನಲ್ಲಿಟ್ಟು, ತಮ್ಮ ಮನೆಯ ಬಿಲ್ಲು ಹಾಗೂ ತಮ್ಮ ಹಾದಿಯ ಕಿಲೋಮೀಟರುಗಳನ್ನು ಲೆಕ್ಕ ಹಾಕಿದ ನಂತರವೇ ಸಾರ್ವಜನಿಕರು ನಿರ್ಧಾರ ಕೈಗೊಳ್ಳುವುದು ಸೂಕ್ತ.