ಹಳೆಯ ಸಿಸ್ಟಂ, ಭಾರವಾದ ಡ್ರಾಯಿಂಗ್

ಎಂ.ಕೆ. ಹುಬ್ಬಳ್ಳಿಯಲ್ಲಿ ಹೆದ್ದಾರಿ ಪಕ್ಕದ ಕಾಂಪ್ಲೆಕ್ಸುಗಳಲ್ಲಿರುವ ಸಿವಿಲ್ ಎಂಜಿನಿಯರರ ಆಫೀಸಿಗೆ ಮನೆ ಪ್ಲ್ಯಾನ್ ಹಾಕಿಸಲು ಹೋದವರ ಕಿವಿಗೆ ಒಂದು ಮಾತು ಬಿದ್ದೇ ಬೀಳುತ್ತದೆ: "ಸಿಸ್ಟಂ ಹ್ಯಾಂಗ್ ಆಗೇತ್ರಿ, ಒಂದ್ ಚಾ ಕುಡದ ಬರ್ರಿ." ಮೇಜಿನ ಮೇಲಿರುವುದು ಹತ್ತು ಹನ್ನೆರಡು ವರ್ಷ ಹಳೆಯ ಡೆಸ್ಕ್‌ಟಾಪ್. ಎಷ್ಟೋ ಸಲ ಅದು ಬೆಂಗಳೂರಿನ ಯಾವುದೋ ಕಂಪನಿ ಬಳಸಿ ಬಿಟ್ಟದ್ದು, ಎಸ್.ಪಿ. ರೋಡಿನಲ್ಲಿ ಕೈ ಬದಲಿಸಿ ಇತ್ತ ಬಂದದ್ದು. ಪಟ್ಟಣ ಪಂಚಾಯಿತಿಗೆ ಕೊಡುವ ಮನೆ ನಕಾಶೆ, ಬ್ಯಾಂಕ್ ಸಾಲದ ಎಸ್ಟಿಮೇಟು, ಎನ್‌ಎ (ಕೃಷಿಯೇತರ) ಆದ ಹೊಲದ ಲೇಔಟು, ಕಬ್ಬಿನ ಟ್ರಾಲಿಯ ಫ್ಯಾಬ್ರಿಕೇಶನ್ ಡ್ರಾಯಿಂಗು, ಎಲ್ಲವೂ ಅದರ ಮೇಲೇ ಆಗಬೇಕು.

ಹ್ಯಾಂಗ್ ಆದಾಗ ಬರುವ ಮೊದಲ ಸಲಹೆ "ಫಾರ್ಮ್ಯಾಟ್ ಹೊಡೀರಿ", ಎರಡನೆಯದು "ಹೊಸಾದ ತಗೋರಿ". ಎರಡಕ್ಕೂ ಮೊದಲು ಡ್ರಾಯಿಂಗ್ ಫೈಲನ್ನೇ ಒಮ್ಮೆ ತಪಾಸಣೆ ಮಾಡಿ. ಯಂತ್ರಕ್ಕೆ ವಯಸ್ಸಾಗಿದೆ ನಿಜ, ಆದರೆ ನಾವು ಅದರ ಮೇಲೆ ಹೇರುವ ಹೊರೆಯಲ್ಲಿ ಬೇಡದ್ದೇ ಬಹಳ.

ಆ ಹೊರೆ ಎಲ್ಲಿ ಬೀಳುತ್ತದೆಂದು ತಿಳಿಯಲು ಟಾಸ್ಕ್ ಮ್ಯಾನೇಜರ್ ತೆರೆದಿಟ್ಟುಕೊಂಡು ಆಟೋಕ್ಯಾಡ್‌ನಲ್ಲಿ ಯಾವುದಾದರೂ ಭಾರದ ಕಮಾಂಡ್ ಕೊಡಿ. ನಾಲ್ಕು ಕೋರಿನ ಪ್ರೊಸೆಸರ್ ಇದ್ದರೆ ಬಹಳ ಸಲ ಸಿಪಿಯು ಲೆಕ್ಕ 25 ಪ್ರತಿಶತದ ಆಸುಪಾಸು ಬಂದು ನಿಲ್ಲುತ್ತದೆ. "ಇನ್ನೂ 75 ಖಾಲಿ ಐತಲ್ಲ, ಮತ್ಯಾಕ ನಿಧಾನ?" ಅನಿಸುತ್ತದೆ. ಖಾಲಿ ಇದ್ದರೂ ಅದು ಕೆಲಸಕ್ಕೆ ಬಾರದು. ಆಟೋಕ್ಯಾಡ್‌ನ ಬಹುಪಾಲು ಕೆಲಸ ಒಂದೇ ಕೋರಿನ ಮೇಲೆ ನಡೆಯುತ್ತದೆ. ಆ ಒಂದು ಕೋರು ಪೂರ್ತಿ ದುಡಿಯುತ್ತಿದೆ, ಉಳಿದ ಮೂರು ಕೈ ಕಟ್ಟಿ ಕೂತಿವೆ. ಆದ್ದರಿಂದ ಕ್ಯಾಡ್‌ಗೆ ಎಷ್ಟು ಕೋರು ಅನ್ನುವುದಕ್ಕಿಂತ ಒಂದೊಂದು ಕೋರಿನ ವೇಗ ಎಷ್ಟು ಅನ್ನುವುದು ಮುಖ್ಯ. ಅದೇ ಹೊತ್ತಿಗೆ ಮೆಮೊರಿ ತುಂಬಿ ಡಿಸ್ಕ್ ನೂರಕ್ಕೆ ಮುಟ್ಟಿದ್ದರೆ ರೋಗ ಬೇರೆ, ಮದ್ದೂ ಬೇರೆ.

ಈಗ ಫೈಲಿನ ಸಂಗತಿ. 30×40 ಸೈಟಿನ ಒಂದು ಮನೆ ಪ್ಲ್ಯಾನ್ ಹತ್ತಾರು ಎಂಬಿ ಇದ್ದರೆ ಅದರಲ್ಲಿ ಮನೆಗಿಂತ ಬೇರೇನೋ ಇದೆ ಎಂದೇ ಅರ್ಥ. ಇಂಟರ್‌ನೆಟ್ಟಿನಿಂದ ಇಳಿಸಿಕೊಂಡ ಕಾರಿನ ಬ್ಲಾಕು, ಎಲೆ ಎಲೆ ಬಿಡಿಸಿದ ತೆಂಗಿನ ಮರ, ಹೊಲಿಗೆ ಕೂಡ ಕಾಣುವ ಸೋಫಾ. ಪೋರ್ಚಿನಲ್ಲಿ ನಿಂತ ಕಾರಿನ ಗೆರೆಗಳು ಇಡೀ ಮನೆಯ ಗೋಡೆಗಳ ಗೆರೆಗಿಂತ ಹೆಚ್ಚಿರುವ ಪ್ಲ್ಯಾನುಗಳು ನಮ್ಮಲ್ಲಿ ಧಾರಾಳ. ಅನುಮೋದನೆ ಕೊಡುವವರು ಕಾರನ್ನು ನೋಡುವುದಿಲ್ಲ, ಸೆಟ್‌ಬ್ಯಾಕ್ ನೋಡುತ್ತಾರೆ.

ಮೊದಲು ಫೈಲಿನ ಒಂದು ಕಾಪಿ ತೆಗೆದಿಟ್ಟುಕೊಳ್ಳಿ. ಆಡಿಟ್ ಕೊಟ್ಟು ದೋಷ ಸರಿಪಡಿಸಿ. ಪರ್ಜ್ ಕೊಟ್ಟರೆ ಬಳಕೆಯಲ್ಲಿಲ್ಲದ ಬ್ಲಾಕು, ಲೇಯರು, ಸ್ಟೈಲುಗಳು ಹೋಗುತ್ತವೆ. ಒಳಗೊಳಗೆ ಇರುವ ಬ್ಲಾಕುಗಳಿಗಾಗಿ ಎರಡು ಮೂರು ಸಲ ಕೊಡಬೇಕಾಗಬಹುದು. ಪರ್ಜ್ ಪದಕ್ಕೂ ಮೊದಲು ಒಂದು ಅಡ್ಡಗೆರೆ ಹಾಕಿ ಟೈಪ್ ಮಾಡಿ ರೆಗ್‌ಆಪ್ಸ್ ಆರಿಸಿದರೆ, ಬೇರೆ ಬೇರೆ ಸಾಫ್ಟ್‌ವೇರುಗಳು ಬಿಟ್ಟುಹೋದ ಸಾವಿರಾರು ಗುರುತುಗಳೂ ಹೋಗುತ್ತವೆ. ಒಂದರ ಮೇಲೊಂದು ಬಿದ್ದ ಗೆರೆಗಳಿಗೆ ಓವರ್‌ಕಿಲ್. ಇಷ್ಟಾದರೂ ಫೈಲ್ ಇಳಿಯದಿದ್ದರೆ ಬೇಕಾದ ಭಾಗವನ್ನಷ್ಟೇ ಆರಿಸಿ ಡಬ್ಲ್ಯೂಬ್ಲಾಕ್ ಮೂಲಕ ಹೊಸ ಫೈಲಾಗಿ ಬರೆಯಿರಿ. ರಸ್ತೆ, ಕಾಲುವೆ ಕಾಮಗಾರಿಯ ಮೈಕ್ರೋಸ್ಟೇಶನ್ ಡ್ರಾಯಿಂಗುಗಳಿಂದ ಏನಾದರೂ ಕಾಪಿ ಮಾಡಿಕೊಂಡಿದ್ದರೆ ಅದರ ಜೊತೆ ಬರುವ ಡಿಜಿಎನ್ ಲೈನ್‌ಟೈಪಿನ ಕಸ ಹಳೆಯ ಆವೃತ್ತಿಗಳ ಪರ್ಜ್‌ಗೆ ಸಿಗುವುದೇ ಇಲ್ಲ. ಅಂಥ ಫೈಲಿನಿಂದ ಕಾಪಿ-ಪೇಸ್ಟ್ ಮಾಡಿದರೆ ಕಸ ಹೊಸ ಫೈಲಿಗೂ ಹಾಯುತ್ತದೆ. ಅದನ್ನು ತೆಗೆಯಲೆಂದೇ ಡಿಜಿಎನ್‌ಪರ್ಜ್ ಎಂಬ ಪ್ರತ್ಯೇಕ ಸಲಕರಣೆ ಬಂತು.

ಲೇಔಟ್ ಕೆಲಸ ಮಾಡುವವರಿಗೆ ಇನ್ನೊಂದು ಕಾಟವಿದೆ. ಡಿಜಿಪಿಎಸ್ ಸರ್ವೆಯ ಬಿಂದುಗಳು ಯುಟಿಎಂ ನಿರ್ದೇಶಾಂಕದಲ್ಲಿ ಬರುತ್ತವೆ. ನಮ್ಮ ಭಾಗ 43ನೇ ವಲಯದಲ್ಲಿದೆ. ಮಲಪ್ರಭೆಯ ದಂಡೆಯ ಒಂದು ಹೊಲದ ಮೂಲೆಕಲ್ಲಿನ ಉತ್ತರದ ಅಂಕಿ 17 ಲಕ್ಷ ಮೀಟರ್ ದಾಟಿರುತ್ತದೆ. ಡ್ರಾಯಿಂಗ್ ಮಿಲಿಮೀಟರಿನಲ್ಲಿದ್ದರೆ ಅದೇ 170 ಕೋಟಿ. ಆಟೋಕ್ಯಾಡ್ ತನ್ನ ಲೆಕ್ಕವನ್ನು ನಿಖರವಾಗಿಯೇ ಇಟ್ಟುಕೊಳ್ಳುತ್ತದೆ, ಆದರೆ ತೆರೆಯ ಮೇಲೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಚಿಪ್ಪು ಸುಮಾರು ಏಳು ಅಂಕಿಯವರೆಗೆ ಮಾತ್ರ ನಂಬಿಕಸ್ತ. ವೃತ್ತ ಮೂಲೆಮೂಲೆಯಾಗಿ ಕಾಣುವುದು, ಹ್ಯಾಚ್ ಚೆಲ್ಲಾಪಿಲ್ಲಿಯಾಗುವುದು, ಝೂಮ್ ಮಾಡಿದಾಗ ಗೆರೆ ನಡುಗುವುದು ಎಷ್ಟೋ ಸಲ ಇದರಿಂದಲೇ. ಮೂಲ ಫೈಲನ್ನು ಹಾಗೆಯೇ ಇಟ್ಟು, ಒಂದು ಮೂಲೆಕಲ್ಲಿನ ನಿರ್ದೇಶಾಂಕ ಬರೆದುಕೊಂಡು, ಕೆಲಸದ ಕಾಪಿಯನ್ನು ಸೊನ್ನೆಯ ಹತ್ತಿರ ಸರಿಸಿ ಪ್ಲಾಟ್ ಬಿಡಿಸಿ. ಕೊನೆಗೆ ಅಷ್ಟೇ ದೂರ ವಾಪಸ್ ಸರಿಸಿದರಾಯಿತು. ಕೆಳಗೆ ಹಾಸಿದ ಉಪಗ್ರಹ ಚಿತ್ರ ದೊಡ್ಡ ಟಿಫ್ ಆಗಿದ್ದರೆ ಬೇಕಾದಷ್ಟು ಕತ್ತರಿಸಿ ಜೆಪಿಜಿ ಮಾಡಿಕೊಳ್ಳಿ, ಕೆಲಸವಿಲ್ಲದಾಗ ಅನ್‌ಲೋಡ್ ಮಾಡಿಡಿ.

ಸೆಟ್ಟಿಂಗಿನಲ್ಲಿ ಬಹಳ ಜನ ನೋಡದ ಜಾಗ ಪ್ರಿಂಟರ್. ಡ್ರಾಯಿಂಗಿನ ಪೇಜ್ ಸೆಟಪ್ಪಿನಲ್ಲಿ ಈಗ ಇಲ್ಲದ ಪ್ಲಾಟರಿನ ಹೆಸರಿದ್ದರೆ ಆಟೋಕ್ಯಾಡ್ ಅದನ್ನು ನೆಟ್‌ವರ್ಕ್‌ನಲ್ಲಿ ಹುಡುಕುತ್ತ ಕೂರುತ್ತದೆ. ಅದನ್ನು 'ನನ್' ಎಂದು ಬದಲಿಸಿ. ಕಾಣೆಯಾದ ಎಕ್ಸ್‌ರೆಫ್‌ಗೂ ಇದೇ ಮಾತು, ಡಿಟ್ಯಾಚ್ ಮಾಡಿಬಿಡಿ. ಹಳೆಯ ಇಂಟಿಗ್ರೇಟೆಡ್ ಗ್ರಾಫಿಕ್ಸ್ ಇದ್ದಲ್ಲಿ ಗ್ರಾಫಿಕ್ಸ್‌ಕಾನ್ಫಿಗ್‌ನಲ್ಲಿ ಹಾರ್ಡ್‌ವೇರ್ ಆಕ್ಸಲರೇಶನ್ ಆಫ್ ಮಾಡಿ ನೋಡಿ. ಎರಡು ಆಯಾಮದ ಕೆಲಸಕ್ಕೆ ಎಷ್ಟೋ ಸಲ ಅದಿಲ್ಲದೆಯೇ ಚೆನ್ನಾಗಿ ಓಡುತ್ತದೆ. ವಿಟಿಎನೇಬಲ್, ಸೆಲೆಕ್ಷನ್‌ಪ್ರಿವ್ಯೂ ಎರಡನ್ನೂ ಸೊನ್ನೆ ಮಾಡಿದರೆ ಶೋಕಿಯ ಚಲನೆಗಳು ನಿಲ್ಲುತ್ತವೆ.

ಇನ್ನು ಕ್ಯಾಬಿನೆಟ್ ಬಿಚ್ಚುವ ಕೆಲಸ. ಕಬ್ಬಿನ ಹಂಗಾಮಿನಲ್ಲಿ ನಮ್ಮ ರಸ್ತೆಗಳ ಧೂಳು ಎಲ್ಲರಿಗೂ ಗೊತ್ತು. ಒಂದು ಹಂಗಾಮು ಕಳೆದ ಮೇಲೆ ಸಿಪಿಯು ಫ್ಯಾನು ತೆಗೆದು ಕೆಳಗಿನ ಹೀಟ್‌ಸಿಂಕ್ ನೋಡಿ: ಅಲ್ಯೂಮಿನಿಯಂ ಪದರುಗಳ ನಡುವೆ ಬೂದು ಬಣ್ಣದ ಧೂಳು ಕಂಬಳಿಯ ತುಂಡಿನ ಹಾಗೆ ಹಾಸಿಕೊಂಡಿರುತ್ತದೆ. ಗಾಳಿ ಆಡದೆ ಪ್ರೊಸೆಸರ್ ಕಾದರೆ ಅದು ಸುಟ್ಟುಹೋಗದಂತೆ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಬೆಳಿಗ್ಗೆ ಚುರುಕಾಗಿದ್ದ ಸಿಸ್ಟಂ ಮಧ್ಯಾಹ್ನ ಕುಂಟುತ್ತಿದ್ದರೆ ಮೊದಲ ಅನುಮಾನ ಇದರ ಮೇಲಿರಲಿ. ಬ್ಲೋಅರಿನಿಂದ ಊದಿ, ಒಣಗಿದ ಥರ್ಮಲ್ ಪೇಸ್ಟ್ ಒರೆಸಿ ಹೊಸದು ಹಚ್ಚಿದರೆ ಖರ್ಚು ಅತ್ಯಲ್ಪ.

ಮೆಮೊರಿ 4 ಜಿಬಿ ಹಾಕಿದ್ದರೂ ವಿಂಡೋಸ್ 32 ಬಿಟ್ ಇದ್ದರೆ ಸುಮಾರು 3 ಜಿಬಿಯಷ್ಟೇ ಕೈಗೆ ಸಿಗುತ್ತದೆ. ಹೆಚ್ಚು ಹಾಕಿದರೂ ವ್ಯರ್ಥ. ಕೋರ್ 2 ಡ್ಯುಯೋ ಕೂಡ 64 ಬಿಟ್ ಓಡಿಸಬಲ್ಲದು, ತಡೆದಿರುವುದು ವಿಂಡೋಸ್ ಮಾತ್ರ. ಬದಲಿಸಲು ಹೊಸದಾಗಿಯೇ ಇನ್‌ಸ್ಟಾಲ್ ಮಾಡಬೇಕು. ಇಲ್ಲಿ ಒಂದು ಎಚ್ಚರ: ಆಟೋಡೆಸ್ಕ್ 2016ರಲ್ಲಿ ಶಾಶ್ವತ ಲೈಸೆನ್ಸ್ ಮಾರುವುದನ್ನು ನಿಲ್ಲಿಸಿ ಬಾಡಿಗೆ ಪದ್ಧತಿಗೆ ಬಂತು, ತೀರ ಹಳೆಯ ಆವೃತ್ತಿಗಳಿಗೆ ಈಗ ಆಕ್ಟಿವೇಶನ್ ಕೋಡ್ ಕೊಡುವುದೂ ಇಲ್ಲ. ದುಡ್ಡು ಕೊಟ್ಟು ಕೊಂಡ ಹಳೆಯ ಪ್ರತಿ ಇರುವವರು ಫಾರ್ಮ್ಯಾಟ್ ಹೊಡೆದರೆ ಅದು ಮತ್ತೆ ಏಳದೇ ಹೋಗಬಹುದು. ಮೊದಲು ಇಡೀ ಡಿಸ್ಕಿನ ಇಮೇಜ್ ತೆಗೆದಿಡಿ. ಡಿಸ್ಕಿನ ಜಾಗಕ್ಕೆ ಸಾಟಾ ಎಸ್‌ಎಸ್‌ಡಿ ಹಾಕಿದರೆ ಸಾಫ್ಟ್‌ವೇರ್ ತೆರೆಯುವುದು, ಫೈಲ್ ಸೇವ್ ಆಗುವುದು ಬೇಗವಾಗುತ್ತದೆ. ಡ್ರಾಯಿಂಗನ್ನು ಮತ್ತೆ ಲೆಕ್ಕಹಾಕಿ ಮೂಡಿಸುವ ರೀಜೆನ್ ಮಾತ್ರ ಅದರಿಂದ ಬೇಗವಾಗುವುದಿಲ್ಲ, ಅಂಗಡಿಯವರು ಏನೇ ಹೇಳಲಿ.

ಆವೃತ್ತಿಯ ವಿಷಯದಲ್ಲಿ ಹಟ ಬೇಡ. 2010ರ ಆಟೋಕ್ಯಾಡ್‌ಗೆ ಎಕ್ಸ್‌ಪಿ ಮೇಲೆ 2 ಜಿಬಿ ಮೆಮೊರಿ ಸಾಕಿತ್ತು, ಈಗಿನವು ಕನಿಷ್ಠ 8 ಜಿಬಿ ಕೇಳುತ್ತವೆ. 32 ಬಿಟ್‌ನಲ್ಲಿ ಕೊನೆಯದು 2019ರ ಆವೃತ್ತಿ. ಬೆಳಗಾವಿಯ ಆರ್ಕಿಟೆಕ್ಟ್ ಕಳಿಸಿದ ಫೈಲ್ ತೆರೆಯದಿದ್ದರೆ ಅದನ್ನು ನೋಟ್‌ಪ್ಯಾಡಿನಲ್ಲಿ ತೆರೆಯಿರಿ. ಅರ್ಥವಾಗದ ಅಕ್ಷರಗಳ ರಾಶಿಯ ಮೊದಲ ಆರು ಅಕ್ಷರ ಫೈಲಿನ ಜಾತಕ ಹೇಳುತ್ತವೆ. ಎಸಿ1024 ಇದ್ದರೆ 2010ರ ಮಾದರಿ, ಎಸಿ1027 ಇದ್ದರೆ 2013ರದು, ಎಸಿ1032 ಇದ್ದರೆ 2018ರದು. ನೋಡಿ ಸೇವ್ ಮಾಡದೆ ಮುಚ್ಚಿ, ಕಳಿಸಿದವರಿಗೇ ಹಳೆಯ ಮಾದರಿಯಲ್ಲಿ ಸೇವ್ ಮಾಡಿ ಕಳಿಸಲು ಹೇಳಿ. ಬರೀ ಎರಡು ಆಯಾಮದ ಕೆಲಸದವರಿಗೆ ಉಚಿತವಾದ ಲಿಬ್ರೆಕ್ಯಾಡ್ ಸಹ ಇದೆ. ಬಡಕಲು ಯಂತ್ರದಲ್ಲೂ ಓಡುತ್ತದೆ, ಆದರೆ ಫೈಲುಗಳನ್ನು ಡಿಎಕ್ಸ್‌ಎಫ್ ಮಾಡಿ ಕೊಡಬೇಕು.

ಹೊರಗಿನಿಂದ ಬರುವ ಫೈಲುಗಳ ಬಗ್ಗೆ ಉಪದೇಶ ಮಾಡುವುದಿಲ್ಲ, ಒಂದು ಘಟನೆ ಹೇಳುತ್ತೇನೆ. 2012ರಲ್ಲಿ ಪೆರು ದೇಶದಲ್ಲಿ ಆಟೋಕ್ಯಾಡ್‌ನ ಲಿಸ್ಪ್ ಭಾಷೆಯಲ್ಲೇ ಬರೆದ ಮೆಡ್ರೆ ಎಂಬ ವರ್ಮ್ ಹರಡಿತು. ತೆರೆದ ಡ್ರಾಯಿಂಗುಗಳನ್ನು ಅದು ಸದ್ದಿಲ್ಲದೆ ಚೀನಾದ ಇಮೇಲ್ ಖಾತೆಗಳಿಗೆ ಕಳಿಸುತ್ತಿತ್ತು. ಪೆನ್‌ಡ್ರೈವಿನಲ್ಲಿ ಡ್ರಾಯಿಂಗಿನ ಪಕ್ಕ ಯಾರೂ ಇಡದ ಅಕ್ಯಾಡ್ ಲಿಸ್ಪ್ ಅಥವಾ ಎಫ್‌ಎಎಸ್ ಫೈಲ್ ಕಂಡರೆ ಅಳಿಸಿ. 2014ರಿಂದೀಚಿನ ಆವೃತ್ತಿಗಳಲ್ಲಿ ಸೆಕ್ಯೂರ್‌ಲೋಡ್ ಸೊನ್ನೆಯಾಗಿರದಂತೆ ನೋಡಿಕೊಳ್ಳಿ. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2020ರ ಜನವರಿಗೆ, 10ಕ್ಕೆ 2025ರ ಅಕ್ಟೋಬರಿಗೆ ಮುಗಿಯಿತು. 7ರ ಮೇಲೆ ಕ್ರೋಮ್ 109ಕ್ಕೇ ನಿಂತಿದೆ. ಹೀಗಾಗಿ ಹಳೆಯ ಸಿಸ್ಟಮಿಗೆ ಇಂಟರ್‌ನೆಟ್ ಕೊಡದೆ ಡ್ರಾಯಿಂಗಿಗಷ್ಟೇ ಇಟ್ಟು, ಸರ್ಕಾರಿ ಪೋರ್ಟಲ್ ಕೆಲಸಕ್ಕೆ ಬೇರೊಂದು ಲ್ಯಾಪ್‌ಟಾಪ್ ಬಳಸುವುದು ಲೇಸು.

ಕೊನೆಗೂ ಬದಲಿಸಲೇಬೇಕಾದರೆ ಸೆಕೆಂಡ್‌ಹ್ಯಾಂಡ್ ವರ್ಕ್‌ಸ್ಟೇಶನ್ ನೋಡಿ, ಆದರೆ ಹನ್ನೆರಡು ಕೋರಿನ ನಿಧಾನದ ಝಿಯಾನ್‌ಗೆ ಮರುಳಾಗಬೇಡಿ. ವಿಂಡೋಸ್ 11 ಬೇಕೆಂದಿದ್ದರೆ ಇಂಟೆಲ್‌ನ ಎಂಟನೇ ತಲೆಮಾರಿನಿಂದ ಈಚೆಗೆ ಇರಲಿ. ಸಣ್ಣ ಕ್ಯಾಬಿನೆಟ್ಟಿಗೆ ಗಿಡ್ಡ ಗ್ರಾಫಿಕ್ಸ್ ಕಾರ್ಡು ಮಾತ್ರ ಕೂರುತ್ತದೆ ಎಂಬುದನ್ನೂ ಅಳೆದು ನೋಡಿ.

ಅದಕ್ಕೂ ಮೊದಲು ಮದರ್‌ಬೋರ್ಡಿನ ಸಿಆರ್2032 ಬ್ಯಾಟರಿ ಬದಲಿಸಿ. ಅದು ಸತ್ತರೆ ಕರೆಂಟ್ ಹೋಗಿ ಬಂದಾಗಲೆಲ್ಲ ತಾರೀಖು ಹಲವು ವರ್ಷ ಹಿಂದೆ ಹೋಗುತ್ತದೆ, ಆಟೋಕ್ಯಾಡ್ ಲೈಸೆನ್ಸ್ ತಪ್ಪೆನ್ನುತ್ತದೆ, ಡಿಸ್ಕಿನ ಸೆಟ್ಟಿಂಗ್ ಅದಲುಬದಲಾಗಿ ನೀಲಿ ತೆರೆ ಬೀಳುತ್ತದೆ. ಇದನ್ನೇ "ಬೋರ್ಡ್ ಹೋಗೇತಿ" ಎಂದು ತಿಳಿದು ಗುಜರಿಗೆ ಹಾಕಿದ ಸಿಸ್ಟಮುಗಳು ಕಡಿಮೆಯಿಲ್ಲ. ಈ ಬ್ಯಾಟರಿ ಯಾವ ವಾಚ್ ರಿಪೇರಿ ಅಂಗಡಿಯಲ್ಲಾದರೂ ಸಿಗುತ್ತದೆ.