ಬಂಡೆಯ ಮೇಲೆ ನಿಧಾನದ ಪಂದ್ಯ: ಮೋಟಾರು ಸೈಕಲ್ ಟ್ರಯಲ್ಸ್

ನಮ್ಮ ಬೆಳೆಗಾರ ಬಂಧುಗಳ ಮನೆಗಳಲ್ಲಿ ಮೋಟಾರು ಸೈಕಲ್ ಇಲ್ಲದ ಮನೆ ಈಗ ಅಪರೂಪ. ಸಿರಾ ಮೂಲಕ ಹಾಯುವ 48ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಹುಡುಗರು ತೋರುವ ವೇಗ ಹೆತ್ತವರ ನಿದ್ದೆ ಕೆಡಿಸುವಂತಹದು. ಬರಿದೇ ಬೈದರೆ ಫಲವಿಲ್ಲ. ಆ ಉಮೇದಿಗೆ ಒಂದು ಒಳ್ಳೆಯ ದಾರಿ ತೋರಿಸಬೇಕು. ಅಂತಹ ದಾರಿ ಟ್ರಯಲ್ಸ್ ಪಂದ್ಯ. ಇಲ್ಲಿ ವೇಗಕ್ಕೆ ಬಹುಮಾನವಿಲ್ಲ. ಬಂಡೆ, ಹಳ್ಳ, ಮರಳು, ಏರುಗಳನ್ನು ಕಾಲು ನೆಲಕ್ಕೆ ಊರದೆ ದಾಟುವುದೇ ಜಾಣ್ಮೆ. ಮಧುಗಿರಿ, ಕೊರಟಗೆರೆ, ಪಾವಗಡಗಳ ಕಲ್ಲುನೆಲಕ್ಕೆ ಚೆನ್ನಾಗಿ ಒಗ್ಗುವ ಆಟವಿದು.

ಅಂಕಗಳ ಲೆಕ್ಕ

ಪಟ್ಟಿ ಕಟ್ಟಿ ಗುರುತಿಸಿದ ತುಂಡು ದಾರಿಗೆ ಸೆಕ್ಷನ್ ಎಂದು ಹೆಸರು. ಪ್ರತಿಯೊಂದರಲ್ಲೂ ಒಬ್ಬ ವೀಕ್ಷಕರಿದ್ದು ಅಂಕ ಬರೆದುಕೊಳ್ಳುತ್ತಾರೆ. ಇವು ತಪ್ಪಿನ ಅಂಕಗಳು. ಕಡಿಮೆ ಪಡೆದವನೇ ಗೆದ್ದವನು.

ಕಾಲೂರದೆ ದಾಟಿದರೆ — 0
ಒಮ್ಮೆ ಊರಿದರೆ — 1
ಎರಡು ಸಲ ಊರಿದರೆ — 2
ಮೂರು ಅಥವಾ ಹೆಚ್ಚು ಸಲ — 3
ಬಿದ್ದರೆ, ಪಟ್ಟಿ ದಾಟಿ ಹೊರಗೆ ಹೋದರೆ — 5

ಗಾಡಿ ನಿಲ್ಲಿಸುವ ಬಗ್ಗೆ ನಿಯಮ ಪಂದ್ಯದಿಂದ ಪಂದ್ಯಕ್ಕೆ ಬೇರೆಯಾಗುವುದರಿಂದ ಮೊದಲೇ ಕೇಳಿ ತಿಳಿಯತಕ್ಕದ್ದು.

ಒಂದು ಉದಾಹರಣೆ. ಐದು ಸೆಕ್ಷನ್‌ಗಳಲ್ಲಿ ಒಬ್ಬನಿಗೆ 0, 0, 1, 3, 5, ಒಟ್ಟು 9. ಇನ್ನೊಬ್ಬನಿಗೆ 1, 1, 1, 2, 2; ಒಟ್ಟು 7. ಎರಡು ಕಡೆ ಕಾಲೂರದೆ ದಾಟಿದವನು ಸೋತ, ಎಲ್ಲ ಕಡೆ ಎಚ್ಚರದಿಂದ ಸಾಗಿದವನು ಗೆದ್ದ. ಒಂದು ದೊಡ್ಡ ತಪ್ಪಿಗಿಂತ ನಾಲ್ಕು ಸಣ್ಣ ತಪ್ಪು ಲೇಸು.

ಇತಿಹಾಸ

ನಮಗೆಲ್ಲ ಪರಿಚಿತವಾದ ಬುಲೆಟ್ ಗಾಡಿಗೂ ಈ ಆಟಕ್ಕೂ ಹಳೆಯ ನಂಟು. ಜಾನಿ ಬ್ರಿಟನ್ 1952 ಮತ್ತು 1957ರಲ್ಲಿ ಸ್ಕಾಟ್ಲೆಂಡಿನ ಆರು ದಿನಗಳ ಟ್ರಯಲ್ ಗೆದ್ದದ್ದು ರಾಯಲ್ ಎನ್‌ಫೀಲ್ಡ್ ಮೇಲೆಯೇ. ವಿಶ್ವ ಚಾಂಪಿಯನ್‌ಶಿಪ್ 1975ರಿಂದ ನಡೆಯುತ್ತಿದೆ. ಬೆಂಗಳೂರಿನ ಐಶ್ವರ್ಯ ಪಿಸ್ಸೆ 2019ರಲ್ಲಿ ಮಹಿಳೆಯರ ವಿಶ್ವಕಪ್ ಗೆದ್ದದ್ದು ಬಾಹಾ ಎಂಬ ಬೇರೆ ಬಗೆಯ ಪಂದ್ಯದಲ್ಲಿ. ಆದರೂ ನಮ್ಮ ಹೆಣ್ಣುಮಕ್ಕಳಿಗೆ ಅದು ಧೈರ್ಯ ಕೊಡತಕ್ಕ ಸಂಗತಿ.

ಆರಂಭ ಹೇಗೆ?

ಪಂದ್ಯದ ಗಾಡಿಗೆ ಆಸನವೇ ಇರುವುದಿಲ್ಲ. ತೂಕ ಸುಮಾರು 70 ಕಿಲೋ. ಕಲಿಯಲು ಅದು ಬೇಕಿಲ್ಲ, ಮನೆಯ ಹಗುರ ಗಾಡಿ ಸಾಕು. ಬಯಲಿನಲ್ಲಿ ನಾಲ್ಕು ಕಲ್ಲಿಟ್ಟು, ನಿಂತುಕೊಂಡೇ, ನಡಿಗೆಯ ವೇಗದಲ್ಲಿ ಎಂಟರ ಆಕಾರ ಸುತ್ತಲಿ. ಒಂದು ಬೆರಳು ಕ್ಲಚ್ ಮೇಲೆ, ಕಣ್ಣು ಮುಂದಿನ ತಿರುವಿನ ಮೇಲೆ ಇರಲಿ. ಹೆಲ್ಮೆಟ್, ಎತ್ತರದ ಬೂಟು ಕಡ್ಡಾಯ. ಪಂದ್ಯದವರನ್ನು ನೋಡಿ ಸಾಮಾನ್ಯ ಟ್ಯೂಬ್ ಟೈರಿನ ಗಾಳಿ ತೀರ ಇಳಿಸಿದರೆ ವಾಲ್ವ್ ಕಿತ್ತುಹೋಗುತ್ತದೆ.

ಅಡಿಕೆಯ ಬೇರು ಮೇಲ್ಮಣ್ಣಿನಲ್ಲೇ ಹರಡುವುದರಿಂದ ತೋಟದೊಳಗೆ ಅಭ್ಯಾಸ ಬೇಡ. ಕೋಟೆಬೆಟ್ಟಗಳೂ, ಕರಡಿಗಳಿರುವ ಅರಣ್ಯವೂ ಬೇಡ. ಸ್ವಂತ ಬೀಳುನೆಲ ಉತ್ತಮ. ಅಪ್ರಾಪ್ತ ಮಗ ರಸ್ತೆಗಿಳಿದು ಅಪರಾಧವೆಸಗಿದರೆ, 2019ರ ತಿದ್ದುಪಡಿಯಂತೆ, ಪೋಷಕರಿಗೆ 25,000 ರೂಪಾಯಿ ದಂಡವೂ ಮೂರು ವರ್ಷದವರೆಗೆ ಸೆರೆಯೂ ಆಗಬಹುದು.

ಹೆದ್ದಾರಿಯಲ್ಲಿ ತಪ್ಪಿದರೆ ಜೀವವೇ ಹೋಗಬಹುದು. ಇಲ್ಲಿ ತಪ್ಪಿದರೆ ಹೆಚ್ಚೆಂದರೆ ಐದು ಅಂಕ. ಈ ವ್ಯತ್ಯಾಸವನ್ನು ಮಕ್ಕಳಿಗೆ ತಿಳಿಸಿಕೊಡೋಣ.