ಗುಟ್ಟಿಗೂ ಒಂದು ಬಸ್ಸು ಬೇಕಿತ್ತು

ಆರ್‌ಪಿಆರ್ ಪರೀಕ್ಷೆಗೆ ಎಂಟು ನಿಮಿಷ ಸಾಕು. ಬಿಳಿ ಕಾರ್ಡಿನ ವೃತ್ತದೊಳಗೆ ಸೀರಮ್ಮಿನ ಒಂದು ಹನಿ, ಅದರ ಮೇಲೆ ಇದ್ದಿಲ ಕಣ ಬೆರೆತ ದ್ರಾವಣದ ಇನ್ನೊಂದು ಹನಿ ಹಾಕಿ ಯಂತ್ರದಲ್ಲಿ ತಿರುಗಲು ಬಿಡುತ್ತೇನೆ. ಕಪ್ಪು ಕಣಗಳು ಹಾಲೊಡೆದಂತೆ ಗುಂಪುಗೂಡಿದರೆ ಸಿಫಿಲಿಸ್ಸಿನ ಅನುಮಾನ.

ಬೈಂದೂರು ತಾಲ್ಲೂಕಿನ ಸರ್ಕಾರಿ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ನನ್ನದು ಇದೇ ಕೆಲಸ. 2020ರ ಮೇ ತಿಂಗಳಲ್ಲಿ ಮಾತ್ರ ಪಿಪಿಇ ಕಿಟ್ ತೊಟ್ಟು, ಮುಂಬೈಯಿಂದ ಊರಿಗೆ ಮರಳಿ ಕ್ವಾರಂಟೈನಿನಲ್ಲಿದ್ದವರ ಗಂಟಲ ದ್ರವ ತೆಗೆಯುತ್ತಿದ್ದೆ. ಗರ್ಭಿಣಿಯರ ತಾಯಿ ಕಾರ್ಡಿನ ಪರೀಕ್ಷೆಗಳು ಹೇಗೋ ನಡೆದವು. ನಿಂತುಹೋದದ್ದು, ತಾವಾಗಿ ಬಂದು ತಲೆ ತಗ್ಗಿಸಿ ಚೀಟಿ ಕೊಡುತ್ತಿದ್ದವರ ಬರವು.

ನಮ್ಮ ಕಡೆ ಸಿಫಿಲಿಸ್ಸಿನಂಥ ಲೈಂಗಿಕ ಕಾಯಿಲೆಗಳಿಗೆ ಇಂದಿಗೂ ಗುಪ್ತರೋಗ ಎಂದೇ ಹೆಸರು. ಅದಕ್ಕಾಗಿ ಯಾರೂ ತಮ್ಮೂರಿನ ಆಸ್ಪತ್ರೆಗೆ ಹೋಗುವುದಿಲ್ಲ. ಬೈಂದೂರಿನವರು ಕುಂದಾಪುರಕ್ಕೆ, ಕುಂದಾಪುರದವರು ಉಡುಪಿಗೆ ಹೋಗುತ್ತಾರೆ. ನಮ್ಮಲ್ಲಿಗೆ ಭಟ್ಕಳದ ಕಡೆಯವರು ಬರುತ್ತಾರೆ. ಪರಿಚಯದ ಮುಖ ಕಾಣದ ಊರೇ ಅವರಿಗೆ ಕ್ಲಿನಿಕ್ಕಿನ ಬಾಗಿಲು. 2020ರ ಮಾರ್ಚ್ 25ಕ್ಕೆ ದೇಶವೆಲ್ಲ ಲಾಕ್‌ಡೌನ್ ಆಯಿತು, ಬಸ್ಸಿಲ್ಲ. ಶಿರೂರಿನಲ್ಲಿ ಜಿಲ್ಲೆಯ ಗಡಿ ಬಂದ್. ಬೈಕಿನಲ್ಲಿ ಹೊರಟರೆ ಪೊಲೀಸರು ಕೇಳುವುದು ಒಂದೇ: ಎಲ್ಲಿಗೆ, ಯಾಕೆ? ಜ್ವರ ಎಂದರೆ ಕೊರೊನಾ ಪರೀಕ್ಷೆಗೆ ಕಳಿಸುತ್ತಾರೆ. ನಿಜ ಹೇಳಲು ಬಾಯಿ ಬಾರದು. ಮನೆಬಾಗಿಲಿಗೆ ಆಶಾ ಕಾರ್ಯಕರ್ತೆ ಬಂದಾಗ ಅತ್ತೆ, ಮಾವ, ಮಕ್ಕಳೆಲ್ಲ ಸುತ್ತ ನಿಂತಿರುತ್ತಾರೆ.

ಮೊದಲು ಘೋಷಿಸಿದ ಲಾಕ್‌ಡೌನ್ 21 ದಿನದ್ದು. ಸಿಫಿಲಿಸ್ ತಗುಲಿ ಹುಣ್ಣು ಕಾಣಿಸಲು ಸಾಮಾನ್ಯವಾಗಿ ಹಿಡಿಯುವುದೂ ಸುಮಾರು ಅಷ್ಟೇ. ಆ ಹುಣ್ಣು ನೋಯುವುದಿಲ್ಲ. ಔಷಧಿಯಿಲ್ಲದೆಯೂ ಮೂರರಿಂದ ಆರು ವಾರಗಳಲ್ಲಿ ಮಾಯುತ್ತದೆ. ಲಾಕ್‌ಡೌನ್ ಮೇ 31ರವರೆಗೆ, ಅಂದರೆ 68 ದಿನ ಎಳೆಯಿತು. ಹುಣ್ಣು ಹುಟ್ಟಿ, ಒಣಗಿ, ಗುರುತಿಲ್ಲದಂತಾಗಲು ಅಷ್ಟು ದಿನ ಧಾರಾಳ. ಮಾಯುವುದು ಚರ್ಮ ಮಾತ್ರ. ರೋಗಾಣು ರಕ್ತದಲ್ಲೇ ಇರುತ್ತದೆ. ಮುಂದೆ ಮೈಮೇಲೆ ದದ್ದಾಗಿ ಏಳಬಹುದು, ವರ್ಷಗಳ ಮೇಲೆ ಮಿದುಳು, ಹೃದಯಕ್ಕೂ ಇಳಿಯಬಹುದು. ಗರ್ಭಿಣಿಯಾದರೆ ಮಗುವಿಗೆ ದಾಟುತ್ತದೆ.

ಅಮೆರಿಕದ ರೋಗ ನಿಯಂತ್ರಣ ಕೇಂದ್ರವಾದ ಸಿಡಿಸಿಯ ಲೆಕ್ಕ ನೋಡಿದಾಗ ನಮ್ಮ ರಿಜಿಸ್ಟರಿನ ಖಾಲಿ ಸಾಲುಗಳೇ ಕಣ್ಣಿಗೆ ಕಟ್ಟಿದವು. 2019ಕ್ಕೆ ಹೋಲಿಸಿದರೆ 2020ರಲ್ಲಿ ಅಲ್ಲಿ ಕ್ಲಮೈಡಿಯಾ ಪ್ರಕರಣಗಳು ಶೇ. 13ರಷ್ಟು ಕಡಿಮೆ. ಆದರೆ ಗೊನೋರಿಯಾ ಶೇ. 10ರಷ್ಟು, ಹಸುಗೂಸುಗಳ ಸಿಫಿಲಿಸ್ ಹೆಚ್ಚುಕಡಿಮೆ ಶೇ. 15ರಷ್ಟು ಏರಿದ್ದವು. ಕ್ಲಮೈಡಿಯಾ ಬಹುಪಾಲು ಜನರಲ್ಲಿ ಯಾವ ಲಕ್ಷಣವನ್ನೂ ತೋರುವುದಿಲ್ಲ. ತಪಾಸಣೆ ನಿಂತರೆ ಅದು ಲೆಕ್ಕದಿಂದ ಜಾರುತ್ತದೆ, ಮೈಯಿಂದಲ್ಲ. ನಮ್ಮ ದೇಶದಲ್ಲೂ 2022ರಲ್ಲಿ ಒಂದು ಸುದ್ದಿ ಬಂತು: ಅಸುರಕ್ಷಿತ ಲೈಂಗಿಕ ಸಂಪರ್ಕದಿಂದ ಎಚ್‌ಐವಿ ತಗುಲಿದವರು 2011-12ರಲ್ಲಿ 2.4 ಲಕ್ಷ, 2020-21ರಲ್ಲಿ 85,268. ಈ ಇಳಿಕೆಯಲ್ಲಿ ಎಷ್ಟೋ ಜನರ ವರ್ಷಗಳ ದುಡಿಮೆಯಿದೆ, ಅದನ್ನು ಅಲ್ಲಗಳೆಯಲಾರೆ. ಆದರೆ ಅದು ಪರೀಕ್ಷಾ ಕೇಂದ್ರದ ಮೆಟ್ಟಿಲು ಹತ್ತಿದವರ ಲೆಕ್ಕ. ಮೆಟ್ಟಿಲು ಹತ್ತಲಾಗದ ವರ್ಷದ ಅಂಕಿಯನ್ನು ಹಾಗೇ ನಂಬಲು ನನ್ನ ಮನಸ್ಸು ಒಪ್ಪಲಿಲ್ಲ.

2020ರ ಸೆಪ್ಟೆಂಬರ್‌ನಲ್ಲಿ ಒಬ್ಬ ಬಂದ. ಊರು ಹೇಳಲಾರೆ. ಅಂಗೈ, ಅಂಗಾಲಿನ ತುಂಬ ತಾಮ್ರದ ಬಣ್ಣದ ಕಲೆ, ತುರಿಕೆಯಿಲ್ಲ. ಸ್ಯಾನಿಟೈಸರ್ ಒಗ್ಗಲಿಲ್ಲ ಎಂದುಕೊಂಡಿದ್ದನಂತೆ. ಹಿಂದೆ ಹುಣ್ಣೇನಾದರೂ ಆಗಿತ್ತೇ ಎಂದು ಮೆಲ್ಲಗೆ ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದ.

“ನೋವೇ ಇರ್ಲಿಲ್ಲ ಅಕ್ಕ. ಅದಷ್ಟಕ್ಕೇ ಗುಣ ಆಯ್ತ್. ಪೊಲೀಸ್ರ ಹತ್ರ ಎಂತ ಹೇಳೂದ್?”

ಕಾರ್ಡಿನಲ್ಲಿ ಕಣಗಳು ಎಂಟು ನಿಮಿಷ ಕಾಯಲಿಲ್ಲ, ತಿರುಗುತ್ತಿರುವಾಗಲೇ ಗಂಟುಕಟ್ಟಿದವು. ಸೀರಮ್ಮನ್ನು ಮೂವತ್ತೆರಡು ಪಟ್ಟು ತೆಳುಮಾಡಿದರೂ ಪಾಸಿಟಿವ್. ಇದರ ಚಿಕಿತ್ಸೆ ಬೆಂಜಥೈನ್ ಪೆನಿಸಿಲಿನ್, 24 ಲಕ್ಷ ಯೂನಿಟ್, ಒಂದೇ ಸಲದ ಇಂಜೆಕ್ಷನ್. ಇಷ್ಟು ಹಳೆಯ, ಇಷ್ಟು ಅಗ್ಗದ ಔಷಧಿ ಏಪ್ರಿಲ್‌ನಲ್ಲೇ ಸಿಗಬೇಕಿದ್ದವನಿಗೆ ಸೆಪ್ಟೆಂಬರ್‌ನಲ್ಲಿ ಸಿಕ್ಕಿತಲ್ಲ ಎಂಬ ಸಂಕಟ ನನಗಿನ್ನೂ ಹೋಗಿಲ್ಲ.

ಹೆಂಡತಿಯನ್ನು ಕರೆತರಲು ಆಪ್ತ ಸಮಾಲೋಚಕಿ ಎರಡು ದಿನ ಮಾತಾಡಿ ಒಪ್ಪಿಸಿದರು. ಆಕೆಗೆ ನಾಲ್ಕು ತಿಂಗಳು. ಮೈಮೇಲೆ ಒಂದು ಕಲೆಯೂ ಇರಲಿಲ್ಲ. ಆಕೆಯ ವೃತ್ತದಲ್ಲೂ ಕಪ್ಪು ಕಣಗಳು ಕೂಡಿದವು. ಅದೇ ಮಧ್ಯಾಹ್ನ ಇಂಜೆಕ್ಷನ್ ಆಯಿತು.

ಬಸ್ಸುಗಳು ಮತ್ತೆ ಓಡತೊಡಗಿದ್ದವು. ಇಬ್ಬರೂ ಒಂದೇ ಬಸ್ಸು ಹತ್ತಿದರು, ಬೇರೆ ಬೇರೆ ಸೀಟಿನಲ್ಲಿ ಕುಳಿತರು.